ದೊಡ್ಡಪ್ಪನ ಬೆರಳು ಕಚ್ಚಿದ ತಂತಿ

ತಾಮ್ರಕ್ಕೆ ಹುಣಸೆಹಣ್ಣು ಹಾಕಿ ಉಜ್ಜಿದಾಗ ಒಂದು ವಾಸನೆ ಬರುತ್ತದೆ. ಹುಳಿಯೂ ಹೌದು, ನೆತ್ತರಿನ ವಾಸನೆಯೂ ಹೌದು. ಮೊನ್ನೆ ಮೊಮ್ಮಗನ ಹೆಂಡತಿ ನೀರು ಕುಡಿಯಲು ಅಂತ ತಾಮ್ರದ ಬಾಟಲಿ ತಂದಿದ್ದಳು. ತಿಂಗಳು ತುಂಬುವುದರೊಳಗೆ ಅದಕ್ಕೆ ಹಸಿರು ಕಿಲುಬು ಹಿಡಿಯಿತು. "ಅಜ್ಜಿ, ಇದು ಹೋಗ್ತಾನೇ ಇಲ್ಲ, ಬಿಸಾಕ್ಬಿಡ್ಲಾ?" ಅಂದಳು. ಕೊಡು ಇಲ್ಲಿ ಅಂದೆ. ನಿಂಬೆ ಗಾತ್ರದ ಹುಣಸೆಹಣ್ಣು, ಒಂದು ಚಿಟಿಕೆ ಬೂದಿ. ಬೂದಿ ಈಗ ಎಲ್ಲಿ ಸಿಗಬೇಕು, ಊದುಬತ್ತಿಯ ಬೂದಿಯನ್ನೇ ಕೆರೆದು ಹಾಕಿದೆ. ಸಿಂಗಸಂದ್ರದ ಈ ಬಾಡಿಗೆ ಮನೆಯ ಪಾತ್ರೆ ತೊಳೆಯುವ ಕಲ್ಲಿನ ಮುಂದೆ ನಿಂತು ಉಜ್ಜುತ್ತಾ ಹೋದ ಹಾಗೆ ಆ ವಾಸನೆ ಎದ್ದಿತು, ಅದರ ಹಿಂದೆಯೇ ಹಳೆಯ ಸಿಟ್ಟೂ ಎದ್ದಿತು. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದು ಅಂತಾರೆ. ನಾನು ಇಟ್ಟುಕೊಂಡಿದ್ದೇನೆ. ಅದಕ್ಕೂ ಆಗಾಗ ಹುಣಸೆಹಣ್ಣು ಹಾಕಿ ಉಜ್ಜುತ್ತೇನೆ, ಕಿಲುಬು ಹಿಡಿಯಬಾರದಲ್ಲ.

ನಮ್ಮ ಮನೆ ಬೇಗೂರಿಗೂ ಸಿಂಗಸಂದ್ರಕ್ಕೂ ನಡುವೆ ಇತ್ತು. ಆಗ ಅಲ್ಲಿ ರಾಗಿ ಹೊಲ, ಅವರೆ ಸಾಲು, ಒಂದು ನೀರಿನ ಕುಂಟೆ, ಇಪ್ಪತ್ತು ಮೂವತ್ತು ಮನೆ. ನಮ್ಮದು ಉದ್ದನೆಯ ನಾಡಹೆಂಚಿನ ಮನೆ. ಅಂಗಳದ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಗೋಡೆಯ ಆಚೆ ದೊಡ್ಡಪ್ಪ ಗುರಪ್ಪ, ಅವನ ಹೆಂಡತಿ, ಮಗ ರಾಮಾಂಜಿ. ಈಚೆ ಅಜ್ಜಿ, ನನ್ನ ಅವ್ವ, ನಾನು, ಚಿಕ್ಕಪ್ಪ ಪಿಳ್ಳಪ್ಪ. ನಮ್ಮಪ್ಪ ನಡುವಿನವನು, ನನಗೆ ನಡೆಯಲು ಬರುವ ಮೊದಲೇ ತೀರಿಕೊಂಡ. ಅಂಗಳಕ್ಕೆ ಗೋಡೆ ಬಿದ್ದಿತ್ತೇ ಹೊರತು ಹೊಲಕ್ಕೆ ಬಿದ್ದಿರಲಿಲ್ಲ. ಉಳುವವನು ದೊಡ್ಡಪ್ಪ, ಅಳೆದು ಕೊಡುವವನೂ ದೊಡ್ಡಪ್ಪ. ನಮ್ಮ ರಾಗಿ ಅವನ ಕಣಜದಿಂದಲೇ ಬರಬೇಕು. ಹೀಗಾಗಿ ಗೋಡೆಯ ಈಚೆ ನಾವೆಲ್ಲ ಸ್ವಲ್ಪ ಮೆಲ್ಲಗೆ ಮಾತಾಡುತ್ತಿದ್ದೆವು.

ಚಿಕ್ಕಪ್ಪ ಒಬ್ಬ ಮಾತ್ರ ಜೋರಾಗಿ ಮಾತಾಡುತ್ತಿದ್ದ, ಅದೂ ಬಾಯಲ್ಲಲ್ಲ. ಅವನು ಮಿಲಿಟರಿಯಲ್ಲಿ ತಂತಿ ಕುಟ್ಟುವ ಕೆಲಸದಲ್ಲಿದ್ದವನು. ಎಡಗಾಲು ಮುರಿದುಕೊಂಡು ಊರಿಗೆ ಬಂದ. ಮದುವೆ ಬೇಡ ಅಂದ. ಊರಿಗೆ ಕರೆಂಟು ಬಂದ ವರ್ಷವೇ ಮನೆಯ ಮೂಲೆಯ ಕೋಣೆಯಲ್ಲಿ, ದೂರದೂರಿನವರ ಜೊತೆ ಮಾತಾಡಲು, ತಾನೇ ಕೂಡಿಸಿದ ಒಂದು ರೇಡಿಯೋ ಸೆಟ್ಟು ಇಟ್ಟ. ಸರ್ಕಾರದ ಲೈಸೆನ್ಸಿಗೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದ್ದ. ಸುತ್ತಲಿನ ಹಳ್ಳಿಗಳ ಕೆಟ್ಟ ರೇಡಿಯೋಗಳನ್ನೆಲ್ಲ ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿದ್ದ, ಸಂಜೆಯಾದರೆ ಈ ಸೆಟ್ಟಿನ ಮುಂದೆ ಕೂತು ಮೋರ್ಸ್ ಕೀ ಕುಟ್ಟುತ್ತಿದ್ದ. ಡಿ ಡಾ ಡಿ ಡಿ. ನಾನು ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ. ಅಕ್ಷರ ಸರಿಯಾಗಿ ಕೂಡಿಸಿ ಓದಲು ಬರುವ ಮೊದಲೇ ನನಗೆ ಈ ಕುಟ್ಟುವ ಅಕ್ಷರ ಕಿವಿಗೆ ಹತ್ತಿತ್ತು. ಅದು ಇಂಗ್ಲಿಷು ಅಂತ ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಚಿಕ್ಕಪ್ಪನ ಭಾಷೆ ಅಂದುಕೊಂಡಿದ್ದೆ.

ಅವನು ಮಾತಾಡುತ್ತಿದ್ದದ್ದು ಎಂಬತ್ತು ಮೀಟರಿನಲ್ಲಿ. ಅದು ಕೆಳಗಿನ ಅಲೆ, ಉದ್ದನೆಯ ಅಲೆ. ಹಗಲಲ್ಲಿ ಅದು ಕೆಲಸಕ್ಕೆ ಬಾರದು. ಯಾಕೆ ಅಂತ ಕೇಳಿದ್ದಕ್ಕೆ ಚಿಕ್ಕಪ್ಪ ಹೇಳಿದ್ದ: "ಬಿಸ್ಲಿರೋಗಂಟ ಆಕಾಶ ಅದ್ನ ಕುಡ್ಕೊಂಡ್ಬಿಡ್ತದೆ. ಹೊತ್ ಮುಳುಗ್ತಿದ್ದಂಗೆ ಬಾಯಾರಿಕೆ ತೀರ್ತದೆ. ಆಮೇಲೆ ನಾವೆಸೆದದ್ದನ್ನ ವಾಪಸ್ ಎಸೀತದೆ. ದೂರದೂರಿಗೆ ಬೀಳ್ತದೆ." ಮುಂಗಾರಿನ ತಿಂಗಳುಗಳಲ್ಲಿ ಎಲ್ಲೋ ಮಿಂಚಿದರೂ ನಮ್ಮ ಸೆಟ್ಟಿನಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು, ಒಂದು ಅಕ್ಷರ ಕೇಳಿಸದು. ಮಾಗಿಯಲ್ಲಿ ಆಕಾಶ ಚೊಕ್ಕ. ಅವರೆಕಾಯಿ ಸೊನೆಯ ವಾಸನೆ ಅಂಗಳದಲ್ಲಿ ತುಂಬಿಕೊಂಡ ದಿನಗಳಲ್ಲಿ, ದೀಪ ಹಚ್ಚುವ ಹೊತ್ತಿಗೆ, ಆ ಕೋಣೆಯೊಳಗೆ ದೂರದ ದನಿಗಳು ಒಂದೊಂದೇ ಬಂದು ಕೂರುತ್ತಿದ್ದವು. ಕೆಲವು ಬಾವಿಯ ತಳದಿಂದ ಬಂದ ಹಾಗೆ, ಕೆಲವು ಪಕ್ಕದ ಮನೆಯಲ್ಲಿ ಕೊಡ ತಟ್ಟಿದ ಹಾಗೆ. ನಾನು ಹೊಸ್ತಿಲಲ್ಲಿ ಕೂತು ಅವರೆಕಾಳು ಹಿತುಕುತ್ತಾ ಕೇಳುತ್ತಿದ್ದೆ. ನನ್ನ ಜನ್ಮದಲ್ಲಿ ಅಂಥ ಸುಖ ಮತ್ತೆ ಸಿಕ್ಕಿಲ್ಲ.

ಏರಿಯಲ್ಲು, ಅಂದರೆ ಅಲೆ ಹಿಡಿಯುವ ಮೇಲಿನ ತಂತಿ, ನನ್ನ ಸುಪರ್ದಿನಲ್ಲಿತ್ತು. ಕುಂಟನಿಗೆ ಮರ ಹತ್ತಲು ಆಗುತ್ತದೆಯೇ? ಹಿತ್ತಲ ಹುಣಸೆಮರದ ತುದಿಯವರೆಗೆ ತಂತಿ ಏರಿ, ಅಲ್ಲಿಂದ ಅಡ್ಡ ಹಾಯ್ದು ಬಾವಿ ಪಕ್ಕದ ತೆಂಗಿನ ಮರಕ್ಕೆ ಹೋಗುತ್ತಿತ್ತು. ತಂತಿ ಮರಕ್ಕೆ ತಾಗಬಾರದು ಅಂತ ನಡುವೆ ಪಿಂಗಾಣಿ ಮೊಟ್ಟೆಗಳು. ಹುಣಸೆಯ ಕೊಂಬೆಗೆ ಒಂದು ರಾಟೆ, ರಾಟೆಯ ಹಗ್ಗದ ತುದಿಗೆ ಅಜ್ಜಿಯ ಒಡೆದ ಗುಂಡುಕಲ್ಲು. ಗಾಳಿಗೆ ಮರ ತೂಗಿದರೆ ಕಲ್ಲು ಮೇಲೆ ಹೋಗಿ ಕೆಳಗೆ ಬರುತ್ತಿತ್ತು, ತಂತಿ ಹರಿಯುತ್ತಿರಲಿಲ್ಲ. ವಾರಕ್ಕೊಮ್ಮೆ ನಾನು ಲಂಗ ಕಚ್ಚೆ ಕಟ್ಟಿ ಹತ್ತಿ, ರಾಟೆಗೆ ಕಡಲೆಕಾಯಿ ಎಣ್ಣೆ ಬಿಟ್ಟು, ಪಿಂಗಾಣಿಯ ಧೂಳು ಒರೆಸಿ ಇಳಿಯುತ್ತಿದ್ದೆ. ಮುಂಗಾರಿಗೆ ಮುಂಚೆ ತಂತಿ ಇಳಿಸಿ, ಬೆಸುಗೆ ಇದ್ದ ಕಡೆಯೆಲ್ಲ ಹುಣಸೆಹಣ್ಣು, ಬೂದಿ ಹಾಕಿ ಕಿಲುಬು ತೆಗೆಯಬೇಕು. ಅದೇ ಮರದ ಹಣ್ಣು. ತಂತಿಗೆ ತಂತಿ ಸೇರಿಸುವಾಗ ಏಳು ಸುತ್ತು ಬಿಗಿಯಾಗಿ ಸುತ್ತಿ ಮೇಲೆ ಸೀಸ ಹೊಯ್ಯಬೇಕು. ಆರು ಸುತ್ತಿದರೆ ಚಿಕ್ಕಪ್ಪ ಬಿಚ್ಚಿಸುತ್ತಿದ್ದ.

ಮೇಲಿನದು ಅರ್ಧ ಕೆಲಸ. ಉಳಿದರ್ಧ ನೆಲದೊಳಗೆ. "ಕಲ್ಲೆಸೆಯೋನು ಕಾಲೂರ್ಕೊಂಡ್ ನಿಂತ್ಕಬೇಕು, ಇಲ್ದಿದ್ರೆ ಕಲ್ಲು ಅಲ್ಲೇ ಬೀಳ್ತದೆ" ಅನ್ನುತ್ತಿದ್ದ ಚಿಕ್ಕಪ್ಪ. ಕೋಣೆಯ ಕಿಟಕಿಯ ಹೊರಗೆ ಒಂದು ಅರ್ತಿಂಗ್ ಗುಂಡಿ. ಇದ್ದಿಲು, ಉಪ್ಪು ತುಂಬಿ ನಡುವೆ ಒಂದು ಕೊಳವೆ ನಿಲ್ಲಿಸಿದ್ದ. ಆ ಕೊಳವೆಯಿಂದ ಎಂಟು ತಾಮ್ರದ ತಂತಿಗಳು ಎಂಟು ದಿಕ್ಕಿಗೆ, ಗೇಣು ಆಳದಲ್ಲಿ, ಹಿತ್ತಲ ಕೆಳಗೂ ಪಕ್ಕದ ಹೊಲದ ಅಂಚಿನಲ್ಲೂ ಹರಡಿಕೊಂಡಿದ್ದವು. ಮಿಲಿಟರಿಯ ಹಣವೆಲ್ಲ ಆ ತಾಮ್ರಕ್ಕೆ ಹೋಗಿತ್ತು. ಒಂದೊಂದರ ಬೆಸುಗೆಯನ್ನೂ ನಾನೇ ಸುತ್ತಿದ್ದೆ, ಒಂದರಲ್ಲಿ ಸೀಸ ಹೆಬ್ಬೆರಳಿನ ಮೇಲೆ ಬಿದ್ದು ಬೊಬ್ಬೆ ಎದ್ದಿತ್ತು. ದಿನಾ ಬೆಳಗ್ಗೆ ಎರಡು ಕೊಡ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ ಗುಂಡಿಗೆ ಸುರಿಯುವುದು ನನ್ನ ಕೆಲಸ. ಹಲ್ಲುಜ್ಜುವ ಮೊದಲು ಅದು. ಒಂದು ದಿನವೂ ತಪ್ಪಿಸಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಸೋಮವಾರ ಮುಸ್ಸಂಜೆ ಸೆಟ್ಟಿನಲ್ಲಿ ಬರುವಾ ಬರುತ್ತಿದ್ದ. ಬರುವಾ ಅಂದರೆ ಅಸ್ಸಾಮಿನ ಒಂದು ಟೀ ತೋಟದ ಗುಮಾಸ್ತ, ಮಿಲಿಟರಿಯಲ್ಲಿ ಚಿಕ್ಕಪ್ಪನ ಜೊತೆಗಾರ. ಕಾಲು ಮುರಿದಾಗ ಇವನನ್ನು ಹೆಗಲ ಮೇಲೆ ಹೊತ್ತು ಬೆಟ್ಟ ಇಳಿಸಿದವನು. ಅವನ ಮುಖ ನಾನು ನೋಡಿಲ್ಲ, ಆದರೆ ಅವನ ಕುಟ್ಟುವ ಕೈ ನನಗೆ ಗೊತ್ತಿತ್ತು. ಡಾ ಅನ್ನುವುದನ್ನು ಸ್ವಲ್ಪ ಎಳೆಯುತ್ತಿದ್ದ, ಬೆಲ್ಲ ಚೀಪುವವನ ಹಾಗೆ. ಇಬ್ಬರೂ ಹವಾ, ಕಾಲು ನೋವು, ಟೀ, ರಾಗಿ ಅಂತ ಅರ್ಧ ಗಂಟೆ ಹರಟಿ, ಕೊನೆಗೆ ಮಾತು ಮುಗಿಯಿತು ಅನ್ನುವ ಗುರುತು ಹೊಡೆದು, ಆಮೇಲೂ ಬಿಡಲಾರದೆ ಎರಡು ಸಲ ಡಿಟ್ ಡಿಟ್ ಅಂದು ಏಳುತ್ತಿದ್ದರು. ಚಿಕ್ಕಪ್ಪ ಊರಲ್ಲಿ ಯಾರ ಜೊತೆಗೂ ಹಾಗೆ ನಕ್ಕದ್ದು ನಾನು ಕಂಡಿಲ್ಲ.

ಒಂದು ಮಾಗಿಯಲ್ಲಿ ಅದು ನಿಂತಿತು. ಬರುವಾ ಕರೆಯುವುದು ನಮಗೆ ಕೇಳುತ್ತಿತ್ತು, ಚಿಕ್ಕಪ್ಪ ಕುಟ್ಟಿದ್ದು ಅವನಿಗೆ ಮುಟ್ಟುತ್ತಿರಲಿಲ್ಲ. ಎದುರು ಮನೆಯವನು ನಮ್ಮ ಹೆಸರು ಹಿಡಿದು ಕೂಗುತ್ತಿದ್ದಾನೆ, ನಾವು ಗಂಟಲು ಹರಿಯುವ ಹಾಗೆ ಓ ಅನ್ನುತ್ತಿದ್ದೇವೆ, ಅವನು ಮತ್ತೆ ಕೂಗುತ್ತಾನೆ. ಹಾಗೆ. ಚಿಕ್ಕಪ್ಪ ಸೆಟ್ಟು ಬಿಚ್ಚಿದ, ಕಟ್ಟಿದ, ವಾಲ್ವು ಬದಲಿಸಿದ. ನನ್ನನ್ನು ದಿನ ಬಿಟ್ಟು ದಿನ ಮರ ಹತ್ತಿಸಿದ. ಎಲ್ಲ ಸರಿಯಾಗಿಯೇ ಇತ್ತು. ಒಂದೇ ವಿಚಿತ್ರ, ಅವನು ಕುಟ್ಟುವಾಗ ಅರ್ತಿಂಗ್ ಕೊಳವೆ ಮುಟ್ಟಿದರೆ ಚುರ್ ಅನ್ನುತ್ತಿತ್ತು. ಮೊದಲು ಹಾಗಿರಲಿಲ್ಲ. ಹೇಳಲು ಹೋದರೆ "ಸುಮ್ಕಿರು" ಅಂದ. ಕೊನೆಗೆ ಬರುವಾನಿಗೆ ಕಾಗದ ಬರೆದ. ಎಷ್ಟೋ ದಿನದ ಮೇಲೆ ಉತ್ತರ ಬಂತು: ಪ್ರತಿ ಸೋಮವಾರ ಕಾದು ಕೂರುತ್ತೇನೆ, ನಿನ್ನ ಒಂದು ಅಕ್ಷರವೂ ಬರುತ್ತಿಲ್ಲ, ನಿನ್ನ ನೆಲ ನೋಡಿಕೋ.

ಕಾಗದ ಓದಿದವನೇ ಕೋಲೂರಿಕೊಂಡು ಗುಂಡಿಯ ಹತ್ತಿರ ಹೋದ. ನಡುಮಧ್ಯಾಹ್ನ. ಶಿವರಾತ್ರಿಗೆ ಮುಂಚಿನ ಒಣಗಾಳಿ ಬೀಸುತ್ತಿತ್ತು. ಬೆಳಗ್ಗೆ ಸುರಿದ ನೀರು ಆ ಹೊತ್ತಿಗೆ ಮೇಲೆ ಉಳಿದಿರುತ್ತದೆಯೇ? ಕೈಹಾಕಿ ನೋಡಿದ, ಬೆರಳಿಗೆ ಬಂದದ್ದು ಬರೀ ಪುಡಿ. ನನ್ನನ್ನು ಕರೆದ.

"ನೀರ್ ಉಯ್ದಿದ್ಯಾ?"

"ಉಯ್ದಿದೀನಿ."

"ಸುಳ್ ಯೋಳ್ತೀಯ?" ಅಂದು ಕೆನ್ನೆಗೆ ಬಾರಿಸಿದ. "ಇನ್ನೊಂದ್ ಕಿತ ಆ ಕ್ವಾಣೆ ವಸ್ಲು ತುಳುದ್ರೆ ಕಾಲ್ ಮುರೀತೀನಿ."

ಪೆಟ್ಟು ನನಗೆ ಅಷ್ಟು ನೋಯಲಿಲ್ಲ. ನೋವಾದದ್ದು ಗೋಡೆಯ ಆಚೆಯಿಂದ. ದೊಡ್ಡಪ್ಪ ಗೋಡೆಯ ಮೇಲೆ ಮೊಣಕೈ ಊರಿ, ಎಲೆಅಡಿಕೆ ಅಗಿಯುತ್ತಾ ನೋಡುತ್ತಿದ್ದ. ಪಿಚಕ್ ಅಂತ ಉಗಿದು ಹೇಳಿದ: "ಎಣ್ ಮುಂಡೇದ್ರ ಕೈಗೆ ಕೆಲ್ಸ ಕೊಟ್ರೆ ಇನ್ನೇನಾದಾತು, ಬುಡ್ಲಾ ಪಿಳ್ಳ. ವಲ ಗೇಯೋದ್ ಕಲಿ, ಆಕಾಶ್ದಾಗೆ ಏನೈತೆ?" ಆಮೇಲೆ ನನ್ನ ಕಡೆ ನೋಡಿ ನಕ್ಕ. ಆ ನಗು ನನಗೆ ಇವತ್ತಿಗೂ ಬಿಡಿಸಿ ಬರೆಯಲು ಬರುತ್ತದೆ, ಯಾವ ಹಲ್ಲಿಗೆ ಎಷ್ಟು ಕೆಂಪು ಅಂತ.

ಹೊಸ್ತಿಲು ಹೋಯಿತು. ಸೋಮವಾರ ನಾನು ಅಡುಗೆಮನೆಯಲ್ಲಿ ಕೂತು ಗೋಡೆಗೆ ಕಿವಿ ಕೊಡುತ್ತಿದ್ದೆ. ಬರುವಾ ಕರೆಯುತ್ತಿದ್ದ, ಚಿಕ್ಕಪ್ಪ ಕುಟ್ಟುತ್ತಿದ್ದ, ಬರುವಾ ಮತ್ತೆ ಅದನ್ನೇ ಕರೆಯುತ್ತಿದ್ದ. ನೀರು ಮಾತ್ರ ನಾನು ಬಿಡಲಿಲ್ಲ. ಯಾರೂ ಕೇಳದಿದ್ದರೂ ಎರಡು ಕೊಡ, ಒಂದು ಹಿಡಿ ಉಪ್ಪು.

ಒಂದು ದಿನ ದೊಡ್ಡಮ್ಮ ಗೋಡೆಯ ಆಚೆಯಿಂದ ಕರೆದಳು, ಕರು ಬಿಚ್ಚಿಕೊಂಡಿದೆ, ಬಟ್ಟೆ ಎಳೆಯುತ್ತಿದೆ, ಬಾರೇ ಅಂತ. ಓಡಿಹೋಗಿ ಕರು ಕಟ್ಟಿ, ಎಳೆದು ಬಿದ್ದಿದ್ದ ಸೀರೆಯನ್ನು ತಂತಿಯ ಮೇಲೆ ಹಾಕಲು ಹೋದೆ. ಅವರ ಮನೆಯಲ್ಲಿ ಬಟ್ಟೆ ಒಣಹಾಕಲು ಮೊದಲು ತೆಂಗಿನ ನಾರಿನ ಹಗ್ಗ ಇತ್ತು. ಈಗ ತಂತಿ. ನಮ್ಮ ನಡುಗೋಡೆಯ ಗೂಟದಿಂದ ಹೊರಟು, ಬಚ್ಚಲ ಮನೆಯ ಬಿದಿರು ಬಳಸಿ, ಆಚೆ ತುದಿಯ ಕಲ್ಲುಕಂಬದವರೆಗೆ. ಮಣ್ಣಲ್ಲಿದ್ದು ಹಸಿರಾದ ತಾಮ್ರ. ಸೀರೆ ಹರವುತ್ತಾ ಹೋದ ಕೈಗೆ ನಡುವೆ ಒಂದು ಉಬ್ಬು ಸಿಕ್ಕಿತು. ನೋಡಿದೆ. ಏಳು ಸುತ್ತು. ಮೇಲೆ ಒಂದು ಕಡೆ ಜಾಸ್ತಿ ಸುರಿದ ಸೀಸ. ನನ್ನ ಹೆಬ್ಬೆರಳು ಸುಟ್ಟಿತ್ತಲ್ಲ, ಆ ಬೆಸುಗೆ. ತಾಯಿಗೆ ಮಗುವಿನ ಮಚ್ಚೆ ಗೊತ್ತಿರುವುದಿಲ್ಲವೇ?

ಬಚ್ಚಲ ಮನೆಯ ಬಾಗಿಲು ತೆರೆದಿತ್ತು. ಒಳಗೆ ಹೊಸ ತಾಮ್ರದ ಹಂಡೆ ಫಳಫಳ ಅನ್ನುತ್ತಾ ಕೂತಿತ್ತು. "ಬಾರಿ ಚೆಂದ್ ಐತೆ ಅಲ್ವೇನೇ? ನಿಮ್ ದೊಡ್ಡಪ್ಪ ಅಳೇ ತಾಮ್ರ ಕೊಟ್ಟು ಮಾಡುಸ್ಕೊಂಬಂದ್ರು" ಅಂದಳು ದೊಡ್ಡಮ್ಮ. ಎಂಟರಲ್ಲಿ ಒಂದು ಬಟ್ಟೆಗೆ, ಏಳು ಹಂಡೆಗೆ. ಮನೆಗೆ ಬಂದು, ಯಾರೂ ಇಲ್ಲದ ಹೊತ್ತು ನೋಡಿ, ಗುಂಡಿಯ ಸುತ್ತ ಮಣ್ಣು ಕೆರೆದೆ. ಕೊಳವೆಗೆ ಕಟ್ಟಿದ ಎಂಟು ತುದಿಗಳೂ ಸರಿಯಾಗಿಯೇ ಇದ್ದವು. ಆದರೆ ಒಂದು ಮೊಳ ಹೋದ ಮೇಲೆ ಎಂಟೂ ಕತ್ತರಿಸಿದ್ದವು. ಬುಡ ಹಾಗೇ ಬಿಟ್ಟು ಮುಂದಿನದನ್ನು ಎಳೆದುಕೊಂಡಿದ್ದ. ಚಿಕ್ಕಪ್ಪ ವಾಲ್ವು ತರಲು ಪೇಟೆಗೆ ಹೋದಾಗಲೆಲ್ಲ ದೊಡ್ಡಪ್ಪ ಹಿತ್ತಲಲ್ಲಿ ಗುದ್ದಲಿ ಹಿಡಿದು "ಗೆಡ್ಡೆ ಅಗೀತಾ ಇವ್ನಿ" ಅನ್ನುತ್ತಿದ್ದದ್ದು ಆಗ ಅರ್ಥವಾಯಿತು.

ಅಜ್ಜಿಗೆ ಹೇಳಿದೆ. ಅವಳು ರಾಗಿ ಬೀಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಬಾಯ್ ಬುಡಬ್ಯಾಡ. ಈ ರಾಗಿ ಯಾರ್ ಕೊಟ್ಟಿದ್ದು? ನಾಳೀಕೆ ಅವ್ನು ಕಣಜಕ್ಕೆ ಬೀಗ ಆಕುದ್ರೆ ಆಕಾಶ ಬಡುಸ್ತದಾ ಮುದ್ದೆನ?" ಅಂದಳು. ಅವಳ ಮಾತು ಸರಿಯೇ. ಅವಳ ಮೇಲೂ ಸಿಟ್ಟು ಬಂತು. ಬಾಯಿ ಬಿಡುವುದಿಲ್ಲ ಅಂತ ಅವಳ ತಲೆ ಮುಟ್ಟಿ ಹೇಳಿದೆ. ಆ ಮಾತನ್ನು ಇಲ್ಲಿಯವರೆಗೂ ಉಳಿಸಿಕೊಂಡಿದ್ದೆ.

ಚಿಕ್ಕಪ್ಪ ನನಗೆ ಮೊದಲ ದಿನವೇ ಕಲಿಸಿದ ಪಾಠ ಒಂದಿತ್ತು: ಅವನು ಕುಟ್ಟುವಾಗ ಸೆಟ್ಟಿಗೆ ಸೇರಿದ ತಂತಿಯ ತುದಿ ಮುಟ್ಟಬಾರದು. ಸಾಯುವುದಿಲ್ಲ, ಆದರೆ ಕಚ್ಚುತ್ತದೆ, ಮೇಲೆ ಬಿಳಿ ಚುಕ್ಕೆ, ಒಳಗೆ ಸುಟ್ಟ ಗಾಯ. ನಾನು ಒಮ್ಮೆ ಮುಟ್ಟಿ ನೋಡಿದ್ದೆ, ನಂಬದೆ. ನಂಬಿದೆ. ದೊಡ್ಡಪ್ಪನಿಗೂ ಒಂದು ವಾಡಿಕೆ ಇತ್ತು. ಸೋಮವಾರ ಮುಸ್ಸಂಜೆ ತಣ್ಣೀರು ಮಿಂದು, ಒದ್ದೆ ಪಂಚೆಯನ್ನು ಹಿಂಡಿ, ಕಲ್ಲುಕಂಬದ ಹತ್ತಿರ ತಂತಿಗೆ ಹರವಿ, ಬೇಗೂರಿನ ಈಶ್ವರನ ಗುಡಿಗೆ ಹೋಗುತ್ತಿದ್ದ. ಕಳ್ಳನಿಗೆ ಭಕ್ತಿ ಜಾಸ್ತಿ.

ಆ ಸೋಮವಾರ ಸಂಜೆ ಚಿಕ್ಕಪ್ಪನ ಡಬ್ಬಿಯಿಂದ ಎರಡು ಮಾರು ತಂತಿ ಕದ್ದೆ. ನಾನು ಆ ಮನೆಯಲ್ಲಿ ಕದ್ದದ್ದು ಅದೊಂದೇ. ಒಂದು ತುದಿಯನ್ನು ಅರ್ತಿಂಗ್ ಕೊಳವೆಗೆ ಸುತ್ತಿದೆ. ಇನ್ನೊಂದನ್ನು ನಡುಗೋಡೆಯ ಬಿರುಕಿನಲ್ಲಿ ತೂರಿಸಿ ಗೂಟದ ಹತ್ತಿರ ಬಟ್ಟೆಯ ತಂತಿಗೆ ಸುತ್ತಿದೆ. ಹೊತ್ತಿರಲಿಲ್ಲ, ಮೂರೇ ಸುತ್ತು. ಅರ್ತಿಂಗ್ ಕಡೆಯಿಂದ ಕಚ್ಚುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೋಣೆಗೆ ಕಾಲಿಡುವ ಹಾಗಿಲ್ಲ, ಹೊರಗೆ ಸಿಗುವುದು ಅದೊಂದೇ ತುದಿ, ಕೊಳವೆ ಚುರ್ ಅನ್ನುತ್ತಿತ್ತಲ್ಲ ಅನ್ನುವ ಧೈರ್ಯ. ಕಟ್ಟಿ ಹುಣಸೆಮರ ಹತ್ತಿ ಕೂತೆ.

ಪಶ್ಚಿಮ ಕೆಂಪಾಗಿ, ಹಕ್ಕಿಗಳ ಗಲಾಟೆ ಮುಗಿಯಿತು. ದೊಡ್ಡಪ್ಪ ಬಚ್ಚಲಿನಿಂದ ಬಂದ. ಬರಿ ಮೈ, ಬರಿಗಾಲು, ಮೈಯೆಲ್ಲ ನೀರು. ಪಂಚೆ ಹಿಂಡಿ ಕಂಬದ ಹತ್ತಿರ ತಂತಿ ಹಿಡಿದ. ಒಳಗೆ ಚಿಕ್ಕಪ್ಪ ಕೀಗೆ ಕೈ ಹಾಕಿದ.

"ಅಯ್ಯಯ್ಯಪ್ಪೋ! ಕಚ್ತು! ಕಚ್ತು ಕಣೇ!"

ದೊಡ್ಡಮ್ಮ ಓಡಿ ಬಂದಳು. "ಏನ್ ಕಚ್ತು? ಚೇಳಾ?"

"ತಂತಿ ಕಚ್ತು!"

"ತಂತಿಗೇನ್ ಹಲ್ಲು ಬಂದೈತಾ? ಸರೀಗ್ ನೋಡ್ರೀ."

ಅವಳಿಗೆ ತೋರಿಸಲು ಅಂತ ಇನ್ನೊಂದು ಸಲ ಹಿಡಿದ. ಚಿಕ್ಕಪ್ಪ ಆಗ ಬರುವಾನ ಹೆಸರಿನ ಗುರುತು ಕುಟ್ಟುತ್ತಿದ್ದ. ಡಾ ಅಂದಾಗ ದೊಡ್ಡಪ್ಪ ಉದ್ದಕ್ಕೆ ಕಿರುಚಿದ, ಡಿ ಅಂದಾಗ ಚಿಕ್ಕದಾಗಿ. ನಾನು ಮರದ ಮೇಲೆ ಕೂತು ಅವನ ಕಿರುಚಾಟ ಓದುತ್ತಿದ್ದೆ. ಕೈ ಸುಟ್ಟುಕೊಂಡು ಒದ್ದೆ ಪಂಚೆಯಲ್ಲಿ ತಂತಿಯನ್ನು ತಳ್ಳಲು ನೋಡಿದ, ಪಂಚೆಯೂ ಕಚ್ಚಿತು. ಸುಟ್ಟ ಚರ್ಮದ ವಾಸನೆ ನನಗೆ ಅಲ್ಲಿವರೆಗೂ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ಬರಲಿ ಅಂತ ಮೂಗು ಅರಳಿಸಿದ್ದು ಮಾತ್ರ ನಿಜ.

ಅಷ್ಟರಲ್ಲಿ ಕೋಣೆಯಿಂದ ಚಿಕ್ಕಪ್ಪ ನನ್ನ ಹೆಸರು ಕೂಗಿದ. ವಾರಗಟ್ಟಲೆ ಆದ ಮೇಲೆ. "ಚೌಡೀ! ಚೌಡೀ! ಬಂದ ಕಣೇ, ಬರುವಾ ಬಂದ! ಕೇಳುಸ್ತಂತೆ ಅವ್ನಿಗೆ!" ನಾನು ದೊಡ್ಡಪ್ಪನ ಕೈ ಸುಡಲಿ ಅಂತ ಕಟ್ಟಿದ್ದೆ, ಅಷ್ಟೇ. ಮಣ್ಣೊಳಗೆ ಇರಬೇಕಾಗಿದ್ದ ತಂತಿ ಗಾಳಿಯಲ್ಲೇ ಇದ್ದುಕೊಂಡು ನೆಲದ ಕೆಲಸ ಮಾಡುತ್ತದೆ ಅಂತ ನನಗೇನು ಗೊತ್ತು? ಕದ್ದ ತಂತಿ ವಾಪಸ್ ಸೆಟ್ಟಿಗೆ ಸೇರಿತ್ತು. ಚಿಕ್ಕಪ್ಪನ ಕಾಲು ನೆಲಕ್ಕೆ ಊರಿತ್ತು. ಗೋಡೆಯ ಆಚೆ ಒಬ್ಬ ಅಳುತ್ತಿದ್ದ, ಈಚೆ ಒಬ್ಬ ಅಳುತ್ತಿದ್ದ. ನಾನು ಕೊಂಬೆ ತಬ್ಬಿಕೊಂಡು ಎರಡನ್ನೂ ಕೇಳಿದೆ.

ಮಾರನೆಯ ಬೆಳಗ್ಗೆ ನೀರಿನ ಕೊಡ ಹೊತ್ತು ಹೋದರೆ ಚಿಕ್ಕಪ್ಪ ಗುಂಡಿಯ ಪಕ್ಕ ಕೂತಿದ್ದ. ನಾನು ಕಟ್ಟಿದ ತಂತಿ ಕೈಯಲ್ಲಿ ಹಿಡಿದಿದ್ದ. ಕೆರೆದ ಮಣ್ಣಿನಲ್ಲಿ ಕತ್ತರಿಸಿದ ತುದಿಗಳು ಕಾಣುತ್ತಿದ್ದವು. ಗೋಡೆಯ ಬಿರುಕು ನೋಡಿದ, ಆಚೆಯ ತಂತಿ ನೋಡಿದ, ಹಂಡೆ ಇದ್ದ ಬಚ್ಚಲ ಮನೆ ನೋಡಿದ, ಕೊನೆಗೆ ನನ್ನ ಕೊಡ ನೋಡಿದ. ಆಮೇಲೆ ಅಂದ:

"ಮೂರೇ ಸುತ್ತು ಆಕಿದೀಯಲ್ಲೇ. ಏಳು ಆಕು."

ಅಷ್ಟೇ. ತಪ್ಪಾಯಿತು ಅಂತ ಅವನು ಹೇಳಲಿಲ್ಲ. ನಾನು ಏಳು ಸುತ್ತು ಹಾಕಿದೆ, ಅವನು ಸೀಸ ಹೊಯ್ದ. ಹೊಸ್ತಿಲು ನನಗೆ ವಾಪಸ್ ಸಿಕ್ಕಿತು. ಆದರೂ ಆ ಒಂದು ಪೆಟ್ಟಿನ ಲೆಕ್ಕದಲ್ಲಿ ಅವನ ಮೇಲೂ ನನಗೆ ಒಂದು ಗುಲಗಂಜಿಯಷ್ಟು ಸಿಟ್ಟು ಉಳಿದಿದೆ. ಅದನ್ನು ಮುಚ್ಚಿಡಲಾರೆ.

ದೊಡ್ಡಪ್ಪ ತಂತಿ ಕಿತ್ತುಹಾಕಬಹುದಿತ್ತು. ಕೀಳಲಿಲ್ಲ, ಹೆದರಿದ. ಮೂರು ಬೆರಳಿಗೆ ಬಟ್ಟೆ ಸುತ್ತಿಕೊಂಡು ಪೂಜಾರಿಯನ್ನು ಕರೆಸಿದ. ಪೂಜಾರಿ ಕಂಬದ ಸುತ್ತ ಮೂರು ಸಲ ತಿರುಗಿ, ಇದು ಮುನೇಶ್ವರ, ಈ ಕಂಬದಲ್ಲಿ ನೆಲೆಯಾಗಿದ್ದಾನೆ, ತಂತಿ ಅವನ ಜಡೆ, ಮುಟ್ಟಿದರೆ ವಂಶ ಉಳಿಯಲ್ಲ ಅಂದ. ಕಳ್ಳತನ ಮಾಡಿದವನ ಎದೆಗೆ ಆ ಮಾತು ಸರಿಯಾಗಿ ನಾಟಿತು. ಕಂಬಕ್ಕೆ ಅರಿಶಿನ ಕುಂಕುಮ ಬಿತ್ತು, ವರ್ಷಕ್ಕೊಂದು ಹುಂಜ ಬಿತ್ತು. ಬಟ್ಟೆಗೆ ಮತ್ತೆ ನಾರಿನ ಹಗ್ಗ ಬಂತು. ಹುಂಜದ ಸಾರಿನಲ್ಲಿ ನಮ್ಮ ಪಾಲು ಗೋಡೆಯ ಮೇಲಿಂದ ಬರುತ್ತಿತ್ತು. ಚಿಕ್ಕಪ್ಪ ಮುನೇಶ್ವರನಿಗೆ ಕೈಮುಗಿದು ತೊಡೆ ತುಂಡು ಕಚ್ಚುತ್ತಿದ್ದ. "ದ್ಯಾವ್ರು ದೊಡ್ಡೋನು ಕಣಣ್ಣ" ಅಂತ ಗೋಡೆಯ ಆಚೆಗೆ ಕೇಳುವ ಹಾಗೆ ಹೇಳುತ್ತಿದ್ದ. ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.

ನಾನು ಮೈನೆರೆದ ಮೇಲೆ ಮರ ಹತ್ತುವುದನ್ನು ಬಿಡಿಸಿದರು, ಆಮೇಲೆ ಮದುವೆ ಮಾಡಿ ಹೂಡಿ ಅನ್ನುವ ಊರಿಗೆ ಕಳಿಸಿದರು. ಚಿಕ್ಕಪ್ಪ ಬರುವಾನ ಜೊತೆ ಇನ್ನೂ ಬಹಳ ವರ್ಷ ಮಾತಾಡಿದ. ಚಿಕ್ಕಪ್ಪ ಎದೆನೋವು ಬಂದು ಸತ್ತ ವಾರ ನಾನು ಊರಲ್ಲೇ ಇದ್ದೆ. ಸೋಮವಾರ ಮುಸ್ಸಂಜೆ ಕೋಣೆಗೆ ಹೋಗಿ ಸೆಟ್ಟು ಹಾಕಿದೆ. ಬರುವಾ ಕರೆಯುತ್ತಿದ್ದ, ಡಾ ಎಳೆದು ಎಳೆದು. ನನಗೆ ಕೇಳಿ ಗೊತ್ತೇ ಹೊರತು ಕುಟ್ಟಲು ಲೈಸೆನ್ಸ್ ಇರಲಿಲ್ಲ. ಅವತ್ತು ಕುಟ್ಟಿದೆ. ಹೇಳಲು ಬರುತ್ತಿದ್ದದ್ದು ಒಂದೇ, ಚಿಕ್ಕಪ್ಪ ಪ್ರತಿ ಸೋಮವಾರ ಕೊನೆಗೆ ಹೊಡೆಯುತ್ತಿದ್ದ, ಮಾತು ಮುಗಿಯಿತು ಅನ್ನುವ ಗುರುತು. ಡಿ ಡಿ ಡಿ ಡಾ ಡಿ ಡಾ. ಮಾತು ಶುರುವಾಗುವ ಮೊದಲೇ ಅದು ಬಂದರೆ ಏನರ್ಥ ಅಂತ ಅವನಿಗೆ ತಿಳಿಯಿತು. ತುಂಬಾ ಹೊತ್ತು ಬರೀ ಗಾಳಿಯ ಸದ್ದು. ಕೊನೆಗೆ ಅಷ್ಟು ದೂರದಿಂದ, ಡಿಟ್ ಡಿಟ್.

ಚಿಕ್ಕಪ್ಪನ ಕೋಣೆಯ ಬೀಗದ ಕೈ ರಾಮಾಂಜಿಯ ಕೈಗೆ ಹೋಯಿತು. ದೊಡ್ಡಪ್ಪನ ಮಗ, ಬೀಜ ಅದೇ. ಸೆಟ್ಟನ್ನು ಗುಜರಿಗೆ ಹಾಕಿದ. ಹುಣಸೆಮರ ರಸ್ತೆಗೆ ಹೋಯಿತು. ದೊಡ್ಡಪ್ಪ ಸಾಯುವ ಮುಂಚೆ ನಾನು ನೋಡಲು ಹೋಗಿದ್ದೆ. ಮಂಚದ ಮೇಲಿಂದ ಕೈ ಎತ್ತಿ ತೋರಿಸಿದ, ಮೂರು ಬೆರಳ ತುದಿಯಲ್ಲಿ ಸತ್ತ ಚರ್ಮದ ಬಿಳಿ ಚುಕ್ಕೆ ಇನ್ನೂ ಇತ್ತು. "ಚೌಡಿ, ಅವತ್ತು ಮರ್ದಾಗಿದ್ದೋಳು ನೀನು. ಏನ್ ಕಂಡೆ? ಯಾಕ್ ಕಚ್ದ ಮುನೇಸ್ವರ ನನ್ನ?" ಅಂದ. ಒಂದು ಮಾತು ಹೇಳಿದ್ದರೆ ಅವನು ನೆಮ್ಮದಿಯಾಗಿ ಸಾಯುತ್ತಿದ್ದ. ಬಾಯಿಗೆ ಎರಡು ಚಮಚ ನೀರು ಬಿಟ್ಟೆ. ಹೇಳಲಿಲ್ಲ.

ಈಗ ಅಲ್ಲಿ ಹನ್ನೊಂದು ಮಹಡಿಯ ಅಪಾರ್ಟ್‌ಮೆಂಟು. ರಾಮಾಂಜಿಗೆ ಜಾಗದ ಬದಲಿಗೆ ಎರಡು ಫ್ಲಾಟು, ಕೆಳಗೆ ಎರಡು ಕಾರು ನಿಲ್ಲಿಸುವ ಜಾಗ. ಕಟ್ಟುವವರು ಕಲ್ಲುಕಂಬ ಮಾತ್ರ ಕೀಳಲಿಲ್ಲ, ಜೆಸಿಬಿ ಓಡಿಸುವವನೇ ಒಲ್ಲೆ ಅಂದನಂತೆ. ಕಾರುಗಳ ನಡುವೆ ಟೈಲ್ಸ್ ಹಾಕಿಸಿಕೊಂಡು, ಮುನೇಶ್ವರ ಅಂತ ಬೋರ್ಡು ಹಚ್ಚಿಕೊಂಡು ನಿಂತಿದೆ. ಕಂಬದ ಕುತ್ತಿಗೆಯಲ್ಲಿ ಮೂರು ಸುತ್ತು ಹಸಿರು ತಂತಿ ಈಗಲೂ ಇದೆ. ಹೋದ ತಿಂಗಳು ರಾಮಾಂಜಿ ಆಳು ಕಳಿಸಿ ನನ್ನನ್ನು ಕರೆಸಿದ. ಕರೆಂಟಿನ ಕಾರುಗಳಿಗೆ ಚಾರ್ಜ್ ಹಾಕುವ ಮಿಷಿನ್ನು ಬರುತ್ತಿದೆ, ಒಂದೋ ಅದು ಕಂಬದ ಜಾಗಕ್ಕೆ ಬರಬೇಕು, ಇಲ್ಲವೇ ರಾಮಾಂಜಿ ಕಾರು ನಿಲ್ಲಿಸುವ ಜಾಗಕ್ಕೆ. ಅಲ್ಲಿನ ಹಳಬಳು ನಾನೊಬ್ಬಳೇ. ಕೋಲೂರಿಕೊಂಡು ಬಂದು ನನ್ನ ಕಿವಿಯಲ್ಲಿ ಹೇಳಿದ: "ಬಟ್ಟೆ ಒಣಗ್ಸೋ ಕಂಬ ಅಂತ ಒಂದ್ ಮಾತು ಯೋಳ್ಬುಡು ಚೌಡಿ. ನಿಂಗ್ ಗೊತ್ತಲ್ಲ."

ನನಗೆ ಗೊತ್ತು. ಅವನಿಗೆಷ್ಟು ಗೊತ್ತು ಅಂತ ನಾನು ಕೇಳಲಿಲ್ಲ.

ಹತ್ತು ಹದಿನೈದು ಜನ ಸೇರಿದ್ದರು. ಅಸೋಸಿಯೇಷನ್ನಿನ ಹೆಣ್ಣುಮಗಳು ದಾವಣಗೆರೆ ಕಡೆಯವಳು, ಹಣೆಗೆ ವಿಭೂತಿ. ನನಗೆ ಕುರ್ಚಿ ಹಾಕಿಸಿ, "ಅಜ್ಜಿ, ನೀವ ಹೇಳ್ರಿ. ಇದು ದೇವ್ರು ಹೌದೋ ಅಲ್ಲೋ?" ಅಂದಳು. ನಾನು ಕಣ್ಣಾರೆ ಕಂಡದ್ದನ್ನೇ ಹೇಳಿದೆ. ಸೋಮವಾರ, ದೀಪ ಹಚ್ಚುವ ಹೊತ್ತು, ಇವನ ಅಪ್ಪ ಮಿಂದು ಬಂದು ತಂತಿ ಮುಟ್ಟಿದ್ದು, ಮೂರು ಬೆರಳು ಸುಟ್ಟದ್ದು, ಸಾಯುವವರೆಗೂ ಕಲೆ ಹೋಗದಿದ್ದದ್ದು. ಒಂದು ಅಕ್ಷರ ಸುಳ್ಳಿಲ್ಲ. "ಇವ್ನನ್ನೇ ಕೇಳ್ರವ್ವ, ಅಪ್ಪನ್ ಬೆಳ್ಳು ಇವ್ನೂ ನೋಡವ್ನೆ" ಅಂದೆ. ಎಲ್ಲರೂ ರಾಮಾಂಜಿಯ ಕಡೆ ತಿರುಗಿದರು. ಅವನು ನನ್ನನ್ನು ನೋಡಿದ. ನಾನು ನಕ್ಕೆ, ಗೋಡೆಯ ಮೇಲೆ ಮೊಣಕೈ ಊರಿ ನಕ್ಕವನ ಹಾಗೆಯೇ. ಮಿಷಿನ್ನು ಅವನ ಕಾರಿನ ಜಾಗದಲ್ಲಿ ಬಂತು.

ಆವತ್ತಿನಿಂದ ಸೋಮವಾರ ಬೆಳಗ್ಗೆ ಆಟೋ ಹಿಡಿದು ಅಲ್ಲಿಗೆ ಹೋಗುತ್ತೇನೆ. ಗೇಟಿನ ಹುಡುಗಿ ಬಾದಾಮಿ ಕಡೆಯವಳು, ನನ್ನನ್ನು ತಡೆಯುವುದಿಲ್ಲ. ಕಾರು ತೊಳೆಯುವ ನಲ್ಲಿಯಲ್ಲಿ ಎರಡು ಬಕೆಟ್ಟು ನೀರು ಹಿಡಿದು, ಸೆರಗಿನ ಗಂಟಿನಿಂದ ಒಂದು ಹಿಡಿ ಕಲ್ಲುಪ್ಪು ಹಾಕಿ, ಕಂಬದ ಬುಡದಲ್ಲಿ ಟೈಲ್ಸ್ ಬಿರಿದ ಕಡೆ ನಿಧಾನವಾಗಿ ಸುರಿಯುತ್ತೇನೆ. "ಉಪ್ಪುನೀರು ಯಾಕ್ರೀ ಅಜ್ಜಿ, ದೇವ್ರಿಗೆ?" ಅಂತ ಅವಳು ಒಮ್ಮೆ ಕೇಳಿದಳು. ಈ ದೇವರಿಗೆ ಅದೇ ಆಗಬೇಕು ಅಂದೆ. ನೀರು ಇಳಿದು ಮಣ್ಣು ಕಪ್ಪಾಗುವವರೆಗೆ ಅಲ್ಲೇ ನಿಲ್ಲುತ್ತೇನೆ. ಆಮೇಲೆ ಬಗ್ಗಿ ಬಿರುಕಿನೊಳಗೆ ಬೆರಳು ಹಾಕಿ ನೋಡುತ್ತೇನೆ. ಒದ್ದೆ ಇರುತ್ತದೆ. ಗುಂಡಿ ಒಣಗಿತ್ತು ಅಂತ ಯಾರಾದರೂ ಬಂದು ಹೇಳಲಿ ಈಗ.